ಪ್ರಿಂಟರ್ ಏಕೆ ಕಣ್ಣು ಬಿಡಲಿಲ್ಲ?

ರಾತ್ರಿ ಒಂಬತ್ತು ಗಂಟೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಳೆನೀರಿನ ಕೊಯ್ಲಿನ ಬಗ್ಗೆ ಹದಿನೆಂಟು ಪುಟಗಳ ವರದಿಯನ್ನು ಕಂಪ್ಯೂಟರಿನಲ್ಲಿ ಮುಗಿಸಿ, ಪಕ್ಕದಲ್ಲಿದ್ದ ಪ್ರಿಂಟರಿನ ಗುಂಡಿ ಒತ್ತುತ್ತಾಳೆ. ಹಸಿರು ದೀಪ ಹತ್ತುವುದಿಲ್ಲ. ಮತ್ತೊಮ್ಮೆ ಒತ್ತುತ್ತಾಳೆ. ದಿನವೂ ಗೊರಗೊರ ಸದ್ದು ಮಾಡಿ ಮೈಮುರಿದು ಏಳುತ್ತಿದ್ದ ಯಂತ್ರ ಇಂದು ಕಲ್ಲಿನಂತೆ ಕುಳಿತಿದೆ. ನಾಳೆ ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ವರದಿ ಒಪ್ಪಿಸಬೇಕು. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿ ಅರ್ಧ ಗಂಟೆಯಾಗಿದೆ.

ಅಪ್ಪ ಬರುತ್ತಾರೆ. ಅವರ ಕೈಯಲ್ಲಿ ಟೆಸ್ಟರ್. ಪ್ರಿಂಟರಿನ ಪ್ಲಗ್ಗು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಖಾಲಿ ಇದ್ದ ಇನ್ನೊಂದು ಸಾಕೆಟ್ಟಿಗೆ ಅದನ್ನು ಚುಚ್ಚುತ್ತಾರೆ. ಬಲಗಡೆಯ ರಂಧ್ರದಲ್ಲಿ ಕಿತ್ತಳೆ ಬಣ್ಣದ ದೀಪ ಹೊಳೆಯುತ್ತದೆ. ಎಡಗಡೆಯದರಲ್ಲೂ ಹೊಳೆಯುತ್ತದೆ! ‘ಎರಡರಲ್ಲೂ ಕರೆಂಟು ಭರ್ತಿಯಾಗಿದೆ. ಪ್ರಿಂಟರೇ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಪ್ರಿಂಟರನ್ನು ಎಳೆದು ಬೆನ್ನು ಮುಂದಾಗಿ ತಿರುಗಿಸುತ್ತಾರೆ. ಟೆಸ್ಟರಿನದೇ ತುದಿ ಈಗ ಸ್ಕ್ರೂಡ್ರೈವರ್ ಆಗಿ ಹಿಂಬದಿಯ ಮುಚ್ಚಳದ ಸ್ಕ್ರೂವಿನ ಮೇಲೆ ಕೂರುತ್ತದೆ.

ಆ ಸ್ಕ್ರೂ ಅಲ್ಲೇ ಇರಲಿ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಟೆಸ್ಟರಿನ ದೀಪ ಹತ್ತಿತು ಎಂದರೆ ನಿಜವಾಗಿ ಏನು ತಿಳಿದಂತಾಯಿತು?

ಟೆಸ್ಟರಿನ ಪಾರದರ್ಶಕ ಹಿಡಿಯೊಳಗೆ ನೋಡಿ. ನಿಯಾನ್ ಅನಿಲ ತುಂಬಿದ ಪುಟ್ಟ ಗಾಜಿನ ಬಲ್ಬು ಇದೆ. ಅದರ ಜೊತೆಗೆ ಸರಣಿಯಲ್ಲಿ ಒಂದು ರೋಧಕ. ಅದರ ಬೆಲೆ ಸಾಮಾನ್ಯವಾಗಿ ಹತ್ತು ಲಕ್ಷ ಓಮ್‌ಗಳ ಆಸುಪಾಸು. ಅದರಾಚೆಗೆ ಹಿಡಿಯ ತುದಿಯ ಲೋಹದ ಮೇಲೆ ನಿಮ್ಮ ಬೆರಳು. ಫೇಸ್ ತಂತಿಯಿಂದ ಹೊರಟ ವಿದ್ಯುತ್ತು ಬಲ್ಬನ್ನೂ ರೋಧಕವನ್ನೂ ಹಾದು, ನಿಮ್ಮ ಮೈಯ ಮೂಲಕವೇ ನೆಲವನ್ನು ಸೇರುತ್ತದೆ. ಓಮನ ನಿಯಮವನ್ನು ಹಚ್ಚಿ ನೋಡಿ: 230 ವೋಲ್ಟನ್ನು ಹತ್ತು ಲಕ್ಷ ಓಮ್‌ನಿಂದ ಭಾಗಿಸಿದರೆ ಬರುವುದು ಒಂದು ಆಂಪಿಯರಿನ ನಾಲ್ಕು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮನುಷ್ಯನಿಗೆ ಅರಿವೇ ಆಗದ ಈ ಪ್ರವಾಹ ನಿಯಾನ್ ಹೊಳೆಯಲು ಸಾಕು. ಬೇರೆ ಯಾವ ಕೆಲಸಕ್ಕೂ ಸಾಲದು.

ಎಂದರೆ ಟೆಸ್ಟರ್ ಹೇಳುವುದು ‘ಈ ಲೋಹದಲ್ಲಿ ನೆಲಕ್ಕೆ ಹೋಲಿಸಿದರೆ ವಿಭವ ಇದೆ’ ಎಂಬುದನ್ನಷ್ಟೆ. ಪ್ರಿಂಟರ್ ನಡೆಯಬೇಕಾದರೆ ವಿಭವ ಇದ್ದರೆ ಸಾಲದು. ಹೋದ ಪ್ರವಾಹ ಹಿಂದಿರುಗಲು ದಾರಿ ಬೇಕು. ಆ ದಾರಿಯೇ ತಟಸ್ಥ ತಂತಿ, ಎಲೆಕ್ಟ್ರಿಷಿಯನ್ನರ ಮಾತಿನಲ್ಲಿ ನ್ಯೂಟ್ರಲ್. ಸೈಕಲ್ಲಿನ ಚೈನನ್ನು ನೆನೆಸಿಕೊಳ್ಳಿ. ಅದು ಮೇಲ್ಗಡೆ ತುಂಡಾದರೂ ಅಷ್ಟೆ, ಕೆಳಗಡೆ ತುಂಡಾದರೂ ಅಷ್ಟೆ. ಹಿಂದಿನ ಚಕ್ರ ತಿರುಗದು. ವಿದ್ಯುನ್ಮಂಡಲವೂ ಹಾಗೆಯೇ.

ಹಾಗಾದರೆ ಎರಡೂ ರಂಧ್ರಗಳಲ್ಲಿ ದೀಪ ಹತ್ತಿದ್ದೇಕೆ? ಸರಿಯಾಗಿರುವ ಸಾಕೆಟ್ಟಿನಲ್ಲಿ ಫೇಸ್ ರಂಧ್ರದಲ್ಲಿ ಮಾತ್ರ ಟೆಸ್ಟರ್ ಹೊಳೆಯಬೇಕು. ನ್ಯೂಟ್ರಲ್ ತಂತಿಯ ವಿಭವ ನೆಲದ ವಿಭವಕ್ಕೆ ತೀರ ಸಮೀಪವಿರುವುದರಿಂದ ಅಲ್ಲಿ ದೀಪ ಹತ್ತಲು ಕಾರಣವಿಲ್ಲ. ಅದೂ ಹೊಳೆದರೆ ಎಲೆಕ್ಟ್ರಿಷಿಯನ್ ಒಡನೆಯೇ ‘ನ್ಯೂಟ್ರಲ್ ಕಟ್’ ಎನ್ನುತ್ತಾನೆ. ಫೇಸ್ ತಂತಿಯಿಂದ ಬಂದ ವಿದ್ಯುತ್ತು ಬೋರ್ಡಿಗೆ ಸೇರಿಸಿದ್ದ ಪ್ರಿಂಟರಿನ ಒಳಮಂಡಲವನ್ನು ಹಾದು ನ್ಯೂಟ್ರಲ್ ತಂತಿಯವರೆಗೆ ಬಂದಿದೆ. ಮುಂದೆ ತಂತಿ ತುಂಡಾಗಿದೆ. ಹೋಗಲು ದಾರಿಯಿಲ್ಲದೆ ನಿಂತ ವಿಭವ ಟೆಸ್ಟರಿಗೆ ಸಿಕ್ಕಿದೆ. ‘ಭರ್ತಿ ಕರೆಂಟು’ ಎಂದು ಅಪ್ಪ ಓದಿದ ಲಕ್ಷಣವೇ ಪ್ರಿಂಟರ್ ನಿರಪರಾಧಿ ಎಂಬುದಕ್ಕೆ ಸಾಕ್ಷಿಯಾಗಿತ್ತು!

ಆ ಮನೆಯ ಹುಡುಗಿಗೆ ಇಷ್ಟೆಲ್ಲ ತಿಳಿದಿರಲಿಲ್ಲ. ಅವಳು ಮಾಡಿದ್ದು ಇನ್ನೂ ಸರಳವಾದ ಕೆಲಸ. ಓದುವ ಮೇಜಿನ ದೀಪವನ್ನು ತಂದು, ಪ್ರಿಂಟರಿನ ಪ್ಲಗ್ಗನ್ನು ತೆಗೆದು, ಅದೇ ಸಾಕೆಟ್ಟಿಗೆ ದೀಪದ ಪ್ಲಗ್ಗನ್ನು ಸಿಕ್ಕಿಸಿದಳು. ದೀಪ ಹತ್ತಲಿಲ್ಲ.

ಟೆಸ್ಟರಿಗಿಂತ ಮೇಜಿನ ದೀಪ ಮೇಲಾದ ಪರೀಕ್ಷಕ. ಅದು ನಿಜವಾಗಿ ಪ್ರವಾಹವನ್ನು ಬೇಡುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಇದ್ದರೆ ಮಾತ್ರ ಬೆಳಗುತ್ತದೆ. ಮಕ್ಕಳು ಲೋಹದ ಕಡ್ಡಿಯನ್ನು ಸಾಕೆಟ್ಟಿಗೆ ತೂರಿಸುವ ಪ್ರಸಂಗವೂ ಬರುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ದೀಪವನ್ನು ಮೊದಲು ಬೇರೆ ಕೋಣೆಯ ಸಾಕೆಟ್ಟಿನಲ್ಲಿ ಉರಿಸಿ ನೋಡಿರಬೇಕು. ಇಲ್ಲವಾದರೆ ಕೆಟ್ಟ ಬಲ್ಬು ಒಳ್ಳೆಯ ಸಾಕೆಟ್ಟಿನ ಮೇಲೆ ಅಪವಾದ ಹೊರಿಸೀತು. ದೀಪ ಸಿಗದಿದ್ದರೆ ಮೊಬೈಲ್ ಚಾರ್ಜರ್ ಆದೀತು. ಆದರೆ ಬಹುಪಾಲು ಚಾರ್ಜರುಗಳು 100 ವೋಲ್ಟಿನಿಂದ 240 ವೋಲ್ಟಿನವರೆಗೆ ಎಲ್ಲಿಯಾದರೂ ನಡೆಯುವಂಥವು. ಸಂಜೆ ವೋಲ್ಟೇಜು ಕುಸಿದಿದ್ದರೆ ಅದು ಚಾರ್ಜರಿನಿಂದ ತಿಳಿಯುವುದಿಲ್ಲ. ಹಳೆಯ ತಂತುವಿನ ಬಲ್ಬು ಮಂಕಾಗಿ ಉರಿದು ಅದನ್ನೂ ಹೇಳಿಬಿಡುತ್ತದೆ.

ಮುಂದೆ ಆ ಮನೆಯಲ್ಲಿ ನಡೆದದ್ದು ಸ್ವಾರಸ್ಯವಾಗಿದೆ. ಪ್ರಿಂಟರಿನ ಪ್ಲಗ್ಗನ್ನು ಎಕ್ಸ್‌ಟೆನ್ಷನ್ ಬೋರ್ಡು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದರು. ದೀಪ ಅಲ್ಲಿ ಚೆನ್ನಾಗಿ ಉರಿದಿತ್ತು. ಪ್ರಿಂಟರ್ ಮಾತ್ರ ಆಗಲೂ ಕಣ್ಣು ಬಿಡಲಿಲ್ಲ. ‘ನಾನು ಹೇಳಲಿಲ್ಲವೆ?’ ಎಂದು ಅಪ್ಪ ಮತ್ತೆ ಸ್ಕ್ರೂವಿನತ್ತ ಕೈ ಚಾಚಿದರು. ಹುಡುಗಿ ವಯರಿನ ಇನ್ನೊಂದು ತುದಿಯನ್ನು, ಎಂದರೆ ಪ್ರಿಂಟರಿನ ಬೆನ್ನಿಗೆ ಸಿಕ್ಕಿಸುವ ತುದಿಯನ್ನು, ಬೆರಳಿನಿಂದ ಒತ್ತಿದಳು. ಅದು ಅರ್ಧ ಸೆಂಟಿಮೀಟರು ಒಳಗೆ ಸರಿಯಿತು. ಹಸಿರು ದೀಪ ಹತ್ತಿತು. ಪ್ರಿಂಟರನ್ನು ಎಳೆದು ತಿರುಗಿಸುವಾಗ ವಯರು ಸಡಿಲಗೊಂಡಿತ್ತು. ಇದು ರಿಪೇರಿಗೆ ಹೊರಟವರೇ ಸೃಷ್ಟಿಸಿದ ಎರಡನೆಯ ದೋಷ.

ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ‘ಒಂದು ಸಲಕ್ಕೆ ಒಂದನ್ನೇ ಬದಲಿಸಿ’ ಎಂದು ಬೇಸರ ಬರುವಷ್ಟು ಸಲ ಹೇಳುವುದು ಇದಕ್ಕೇ. ಗೋಡೆಯಿಂದ ಹೊರಟು ಪ್ರಿಂಟರಿನ ದೀಪದವರೆಗೆ ವಿದ್ಯುತ್ತು ನಡೆಯುವ ಹಾದಿಯಲ್ಲಿ ನೀವೂ ಹೆಜ್ಜೆ ಹೆಜ್ಜೆಯಾಗಿ ನಡೆಯಿರಿ. ಮೊದಲು ಗೋಡೆಯ ಸಾಕೆಟ್ಟು. ಅಲ್ಲಿ ಏನೂ ಉರಿಯದಿದ್ದರೆ ಮನೆಯ ಎಂಸಿಬಿ ಕೆಳಗೆ ಬಿದ್ದಿದೆಯೇ ನೋಡಬೇಕು. ಒಮ್ಮೆ ಮೇಲೆತ್ತಿದ ಮೇಲೂ ತಕ್ಷಣ ಬಿದ್ದರೆ ಮತ್ತೆ ಮತ್ತೆ ಎತ್ತುವ ಹಟ ಬೇಡ. ಎಲ್ಲೋ ಶಾರ್ಟ್ ಇದೆ. ಪ್ಲಗ್ಗಿನ ಕಾಲುಗಳು ಕಪ್ಪಾಗಿದ್ದರೆ, ಸಾಕೆಟ್ಟಿನ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ, ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿದೆ ಎಂದರ್ಥ. ಸಡಿಲವಾದಲ್ಲಿ ರೋಧ ಹೆಚ್ಚು, ರೋಧ ಹೆಚ್ಚಾದಲ್ಲಿ ಶಾಖ ಹೆಚ್ಚು. ಹತ್ತನೆಯ ತರಗತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪ ಪಿನ್ನಿನ 16 ಆಂಪಿಯರಿನ ಸಾಕೆಟ್ಟಿಗೆ 6 ಆಂಪಿಯರಿನ ಸಣ್ಣ ಪ್ಲಗ್ಗನ್ನು ಓರೆಯಾಗಿ ತುರುಕಿ ‘ಹಿಡಿದುಕೊಂಡಿದೆ’ ಎಂದು ಸಮಾಧಾನಪಡುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಯುಪಿಎಸ್ ಬಗೆಗೂ ಒಂದು ಮಾತು. ಇಂಕ್‌ಜೆಟ್ ಪ್ರಿಂಟರು ಮುದ್ರಿಸುವಾಗ ಹತ್ತಿಪ್ಪತ್ತು ವ್ಯಾಟಿನಲ್ಲಿ ಸಂಸಾರ ಮಾಡುತ್ತದೆ. ಲೇಸರ್ ಪ್ರಿಂಟರಿನ ಸ್ವಭಾವ ಬೇರೆ. ಅದರೊಳಗೆ ಮಸಿಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಬಿಸಿ ಉರುಳೆ ಇದೆ. ಅದು ಕಾಯುವಾಗ ಹಲವು ನೂರು ವ್ಯಾಟುಗಳನ್ನು ಒಮ್ಮೆಗೇ ಸೆಳೆಯುತ್ತದೆ. ಕಂಪ್ಯೂಟರಿಗೆಂದು ತಂದ ಪುಟ್ಟ ಯುಪಿಎಸ್ ಈ ಹೊರೆಗೆ ಕೈಚೆಲ್ಲುವುದು ಸಹಜ. ಲೇಸರ್ ಪ್ರಿಂಟರಿಗೆ ಗೋಡೆಯ ಸಾಕೆಟ್ಟೇ ಸರಿ.

ಇನ್ನು ಗುಂಡಿ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ‘ಟಕ್’ ಎಂದು ಬೀಳುವ ಗಟ್ಟಿ ಸ್ವಿಚ್ಚಿತ್ತು. ಅದು ತಂತಿಯನ್ನೇ ಕೂಡಿಸುತ್ತಿತ್ತು, ಬಿಡಿಸುತ್ತಿತ್ತು. ಈಗಿನ ಬಹುಪಾಲು ಪ್ರಿಂಟರುಗಳ ಮೆತ್ತನೆಯ ಗುಂಡಿ ಹಾಗಲ್ಲ. ಅದೊಂದು ಅರ್ಜಿ. ಪ್ರಿಂಟರ್ ‘ಆಫ್’ ಆಗಿರುವಾಗಲೂ ಒಳಗೊಂದು ಪುಟ್ಟ ಸಂಸ್ಕಾರಕ ಅರೆನಿದ್ರೆಯಲ್ಲಿ ಕಾವಲಿದ್ದು, ಗುಂಡಿ ಒತ್ತಿದ್ದನ್ನು ಗಮನಿಸಿ ಉಳಿದ ಭಾಗಗಳನ್ನು ಎಬ್ಬಿಸುತ್ತದೆ. ವಿದ್ಯುತ್ ಕಣ್ಣುಮುಚ್ಚಾಲೆ ಆಡಿದಾಗ ಈ ಕಾವಲುಗಾರನಿಗೇ ಗರ ಬಡಿಯುವುದುಂಟು. ಆಗ ಎಷ್ಟು ಒತ್ತಿದರೂ ಅರ್ಜಿ ಓದುವವರಿಲ್ಲ. ಇದಕ್ಕೆ ಮದ್ದು: ವಯರನ್ನು ಗೋಡೆಯಿಂದಲೂ ಪ್ರಿಂಟರಿನ ಬೆನ್ನಿನಿಂದಲೂ ಪೂರ್ತಿ ಬಿಡಿಸಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಎರಡು ಮೂರು ನಿಮಿಷ ಸುಮ್ಮನಿರುವುದು. ಒಳಗೆ ಉಳಿದ ಅಲ್ಪ ಆವೇಶ ಇಳಿದು, ಸಂಸ್ಕಾರಕ ತಾನೆಲ್ಲಿ ಸಿಕ್ಕಿಕೊಂಡಿದ್ದೆ ಎಂಬುದನ್ನು ಮರೆಯುತ್ತದೆ. ಮತ್ತೆ ವಯರು ಸೇರಿಸಿದಾಗ ಹೊಸದಾಗಿ ಆರಂಭಿಸುತ್ತದೆ. ‘ತೆಗೆದು ಹಾಕಿದೆ, ಸರಿಹೋಯಿತು’ ಎಂಬ ಮಾತಿನ ಹಿಂದಿರುವುದು ಮಂತ್ರವಲ್ಲ, ಇದೇ. ಕೆಲವು ಪ್ರಿಂಟರುಗಳು ಹೆಚ್ಚು ಹೊತ್ತು ಕೆಲಸವಿಲ್ಲದಿದ್ದರೆ ತಾವಾಗಿಯೇ ಆರಿಹೋಗುವಂತೆ ಏರ್ಪಾಟಾಗಿರುತ್ತವೆ. ಅದನ್ನು ರೋಗವೆಂದು ತಿಳಿಯಬಾರದು.

ಕಂಪ್ಯೂಟರಿನಿಂದ ಬರುವ ಯುಎಸ್‌ಬಿ ವಯರಿಗೂ ಪ್ರಿಂಟರ್ ಏಳದಿರುವುದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಅದು ಅಕ್ಷರಗಳನ್ನು ಹೊತ್ತು ತರುತ್ತದೆಯೇ ಹೊರತು ಅನ್ನವನ್ನಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಬಿಡಿಸಿಟ್ಟರೆ ಶಂಕೆ ಪಡಬೇಕಾದ ವಸ್ತುಗಳಲ್ಲಿ ಒಂದು ಕಡಿಮೆಯಾಗುತ್ತದೆ.

ಕೆಲವು ಪ್ರಿಂಟರುಗಳಿಗೆ ಹೊರಗೆ ಕಪ್ಪು ಇಟ್ಟಿಗೆಯಂಥ ಅಡಾಪ್ಟರ್ ಇರುತ್ತದೆ. ಇಲ್ಲಿ ಬುದ್ಧಿವಂತ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಮನೆಯಲ್ಲಿರುವ ಬೇರೆ ಅಡಾಪ್ಟರಿನ ಮೊಳೆ ಸರಿಯಾಗಿ ಹೊಂದಿತು ಎಂದು ಸಿಕ್ಕಿಸಿಬಿಡುತ್ತಾರೆ. ರಂಧ್ರ ಹೊಂದಿದ ಮಾತ್ರಕ್ಕೆ ವೋಲ್ಟೇಜು ಹೊಂದುವುದಿಲ್ಲ. ಎರಡರ ಮೇಲೂ ಅಂಟಿಸಿದ ಚೀಟಿಯನ್ನು ಓದಬೇಕು. ವೋಲ್ಟು ಅಷ್ಟೇ ಇರಬೇಕು, ಆಂಪಿಯರು ಅಷ್ಟೋ ಹೆಚ್ಚೋ ಇರಬೇಕು, ಧನ ಋಣಗಳು ಅದೇ ಕಡೆ ಇರಬೇಕು.

ಚೀಟಿಯ ಮಾತು ಬಂದಾಗ ಇನ್ನೊಂದು ಸಂಗತಿ ಹೇಳಲೇಬೇಕು. ಅಮೆರಿಕದಲ್ಲಿ ನೆಲೆಸಿದ್ದ ಮಗನೋ ಮಗಳೋ ಊರಿಗೆ ಮರಳುವಾಗ ಅಲ್ಲಿನ ಲೇಸರ್ ಪ್ರಿಂಟರನ್ನೂ ಸಾಮಾನಿನ ಜೊತೆ ತಂದಿರುತ್ತಾರೆ. ಅಲ್ಲಿನ ಮನೆಗಳ ವಿದ್ಯುತ್ತು 120 ವೋಲ್ಟು, ನಮ್ಮದು 230. ಲ್ಯಾಪ್‌ಟಾಪಿನ ಚಾರ್ಜರ್ ಎರಡೂ ಕಡೆ ನಡೆಯಿತಲ್ಲ ಎಂಬ ಧೈರ್ಯದಲ್ಲಿ ಪಿನ್ ಬದಲಿಸಿ ಇದನ್ನೂ ಸಿಕ್ಕಿಸಿದರೆ ‘ಫಟ್’ ಎಂಬ ಸದ್ದಿನೊಡನೆ ಕಥೆ ಮುಗಿದೀತು. ಲೇಸರ್ ಪ್ರಿಂಟರುಗಳನ್ನು ಬಿಸಿ ಉರುಳೆಯ ಕಾರಣಕ್ಕಾಗಿ ಸಾಮಾನ್ಯವಾಗಿ ಆಯಾ ದೇಶದ ವೋಲ್ಟೇಜಿಗೆ ತಕ್ಕಂತೆ ಬೇರೆ ಬೇರೆಯಾಗಿಯೇ ತಯಾರಿಸುತ್ತಾರೆ. ವೋಲ್ಟೇಜು ಹೆಚ್ಚಿದರೆ ಸಾಮರ್ಥ್ಯ ಅದರ ವರ್ಗದಂತೆ ಹೆಚ್ಚುತ್ತದೆ. 230ನ್ನು 120ರಿಂದ ಭಾಗಿಸಿ ವರ್ಗ ಮಾಡಿ ನೋಡಿ. ಮೂರೂವರೆ ಪಟ್ಟಿಗೂ ಮಿಕ್ಕಿ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪ್ರಿಂಟರ್ ಏಳದಿದ್ದರೆ? ಆಗ ದೋಷ ಮುಚ್ಚಳದ ಒಳಗಿದೆ. ಮನೆಯವರ ಕೆಲಸ ಅಲ್ಲಿಗೆ ನಿಲ್ಲಬೇಕು. ‘ವಯರು ಕಿತ್ತಿದ್ದೇವಲ್ಲ, ಇನ್ನೇನು ಭಯ?’ ಎಂದು ಕೇಳುವವರಿದ್ದಾರೆ. ಅಪಾಯವಿರುವುದು ಆ ಧೈರ್ಯದಲ್ಲೇ.

ಗೋಡೆಯಿಂದ ಬರುವುದು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹ. 230 ವೋಲ್ಟು ಎಂಬುದು ಅದರ ಪರಿಣಾಮಕಾರಿ ಬೆಲೆ. ಅಲೆಯ ಶಿಖರ ಅದಕ್ಕಿಂತ 1.414 ಪಟ್ಟು ಎತ್ತರ, ಎಂದರೆ ಸುಮಾರು 325 ವೋಲ್ಟು. ಪ್ರಿಂಟರಿನ ವಿದ್ಯುತ್ ಪೂರೈಕೆಯ ಮಂಡಲ ಮಾಡುವ ಮೊದಲ ಕೆಲಸ ಈ ಅಲೆಯನ್ನು ಏಕಮುಖವಾಗಿಸಿ, ಹೆಬ್ಬೆರಳಿನ ಗಾತ್ರದ ಒಂದು ಕೆಪಾಸಿಟರಿನಲ್ಲಿ ತುಂಬಿಡುವುದು. ಅನಂತರ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಪರಿವರ್ತಕದ ಮೂಲಕ ತಗ್ಗಿಸಿ, ಮೋಟಾರುಗಳಿಗೂ ಸಂಸ್ಕಾರಕಕ್ಕೂ ಬೇಕಾದ ಕಡಿಮೆ ವೋಲ್ಟುಗಳನ್ನು ಒದಗಿಸುತ್ತದೆ.

ಕೆಪಾಸಿಟರ್ 100 ಮೈಕ್ರೋಫ್ಯಾರಡಿನದು ಎಂದಿಟ್ಟುಕೊಳ್ಳಿ. ಅದರಲ್ಲಿ ಅಡಗಿರುವ ಶಕ್ತಿ, ಅರ್ಧ ಗುಣಿಸು ಧಾರಕತೆ ಗುಣಿಸು ವೋಲ್ಟೇಜಿನ ವರ್ಗ, ಸುಮಾರು 5.3 ಜೂಲ್. ಒಂದು ಕಿಲೋಗ್ರಾಂ ತೂಕದ ಬಟ್ಟು ಅರ್ಧ ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರೆ ಬಿಡುಗಡೆಯಾಗುವಷ್ಟು. ಅದು ಕಾಲಿನ ಮೇಲೆ ಬಿದ್ದರೆ ಬೆರಳು ನೊಂದೀತು. ವಿದ್ಯುತ್ತಾಗಿ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿದರೆ ಮಾತು ಬೇರೆ. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಸರಿಯಾಗಿರುವ ಪ್ರಿಂಟರಿನಲ್ಲಿ ವಯರು ಕಿತ್ತ ಮೇಲೆ ಉಳಿದ ಮಂಡಲಗಳು ಈ ಆವೇಶವನ್ನು ಬೇಗ ಉಂಡು ಮುಗಿಸುತ್ತವೆ. ಕೆಟ್ಟ ಪ್ರಿಂಟರಿನಲ್ಲಿ ಉಣ್ಣುವವರೇ ಇರುವುದಿಲ್ಲ! ಆವೇಶ ನಿಮಿಷಗಟ್ಟಲೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು, ಹಾಗೆಯೇ ಕಾದಿರಬಹುದು. ಬಿಚ್ಚಬೇಕೆಂಬ ಆಸೆ ಹುಟ್ಟುವುದು ಕೆಟ್ಟ ಪ್ರಿಂಟರನ್ನು ಕಂಡಾಗಲೇ ಎಂಬುದನ್ನು ಮರೆಯದಿರಿ.

ಕೂಡಿಟ್ಟ ವಿದ್ಯುತ್ತಿನ ಪೆಟ್ಟನ್ನು ಮೊದಲು ಉಂಡವರಲ್ಲಿ ಒಬ್ಬ ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಮುಶೆನ್‌ಬ್ರೂಕ್. ನೀರು ತುಂಬಿದ ಗಾಜಿನ ಜಾಡಿಯಲ್ಲಿ ಆವೇಶವನ್ನು ಹಿಡಿದಿಟ್ಟು ಮುಟ್ಟಿದ ಅವನು, 1746ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಮ್ಯೂರ್‌ಗೆ ಪತ್ರ ಬರೆದು, ಇಡೀ ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಆ ಪ್ರಯೋಗ ಮಾಡಲೊಲ್ಲೆ ಎಂಬ ಅರ್ಥದ ಮಾತು ತಿಳಿಸಿದ. ಪ್ರಿಂಟರಿನೊಳಗಿರುವುದು ಆ ಲೈಡನ್ ಜಾಡಿಯ ವಂಶದ ಕುಡಿಯೇ.

ಒಳಗಿನ ಗಾಜಿನ ಫ್ಯೂಸು ಸುಟ್ಟಿರುವುದು ಕಂಡರೆ ‘ಐದು ರೂಪಾಯಿಯ ಕೆಲಸ’ ಎಂದು ಹಿಗ್ಗುವವರಿದ್ದಾರೆ. ಫ್ಯೂಸು ತಾನಾಗಿ ಸಾಯುವುದು ಅಪರೂಪ, ಯಾರೋ ಕೊಂದಿರುತ್ತಾರೆ. ಶಾರ್ಟ್ ಆದ ಟ್ರಾನ್ಸಿಸ್ಟರೋ, ಮಿಂಚಿನ ಅಥವಾ ಹೆಚ್ಚುವರಿ ವೋಲ್ಟೇಜಿನ ಹೊಡೆತವನ್ನು ತನ್ನ ಮೇಲೆಳೆದುಕೊಂಡ ರಕ್ಷಕ ಭಾಗವೋ ಕಾರಣವಿರಬಹುದು. ಕಾರಣ ಹುಡುಕದೆ ಹಾಕಿದ ಹೊಸ ಫ್ಯೂಸು ಕೂಡಲೇ ಹಳೆಯದರ ಹಾದಿ ಹಿಡಿಯುತ್ತದೆ. ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವ ಅಥವಾ ಬೆಳ್ಳಿ ಕಾಗದ ಮಡಚಿಡುವ ಜಾಣತನ ಮನೆಗೇ ಬೆಂಕಿ ಇಟ್ಟೀತು.

ಇಂಥ ದೋಷಗಳಲ್ಲಿ ಅತಿ ಸಾಮಾನ್ಯವಾದದ್ದು ಕೆಪಾಸಿಟರುಗಳ ಮುಪ್ಪು. ಅವುಗಳೊಳಗಿನ ದ್ರವ ಶಾಖಕ್ಕೆ ನಿಧಾನವಾಗಿ ಆರುತ್ತದೆ, ಚಪ್ಪಟೆಯಾಗಿರಬೇಕಾದ ನೆತ್ತಿ ಉಬ್ಬುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಇವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಪ್ರಿಂಟರಿನ ಮೇಲೆ ಧೂಳು ಬೀಳದಿರಲೆಂದು ದಪ್ಪ ಬಟ್ಟೆ ಹೊದಿಸಿ, ಸ್ವಿಚ್ಚು ಆರಿಸದೆ ಬಿಡುವ ಅಮ್ಮಂದಿರು ಇದನ್ನು ಗಮನಿಸಬೇಕು. ಏಪ್ರಿಲ್-ಮೇ ತಿಂಗಳಿನ ಗುಡುಗು ಮಳೆಯ ಸಂಜೆಗಳಲ್ಲಿ ಪ್ಲಗ್ಗನ್ನೇ ಗೋಡೆಯಿಂದ ತೆಗೆದಿಡುವುದು ಒಳ್ಳೆಯದು. ಅದೂ ಗುಡುಗು ದೂರದಲ್ಲಿರುವಾಗಲೇ. ನೆತ್ತಿಯ ಮೇಲೆ ಮಿಂಚುವಾಗ ಓಡಿಹೋಗಿ ಕೀಳುವುದಲ್ಲ.

ಅಂಗಡಿಗೆ ಒಯ್ಯುವಾಗ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಯಾವ ಸಾಕೆಟ್ಟಿನಲ್ಲಿ ನೋಡಿದಿರಿ, ಬೇರೆ ವಯರು ಹಾಕಿದಿರೇ, ಸುಟ್ಟ ವಾಸನೆ ಬಂದಿತ್ತೇ, ಹಿಂದಿನ ದಿನ ಸಿಡಿಲು ಬಡಿದಿತ್ತೇ ಎಂಬುದನ್ನು ಮಗುವಿನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ ಒಯ್ಯಿರಿ. ವಾರಂಟಿಯ ಅವಧಿಯಿದ್ದರೆ ಬಿಲ್ಲೂ ಜೊತೆಯಲ್ಲಿರಲಿ. ಸ್ಕ್ರೂ ಬಿಚ್ಚಿದ ಗುರುತು ಕಂಡರೆ ಆ ಬಿಲ್ಲಿಗೆ ಬೆಲೆ ಉಳಿಯದೆ ಹೋಗಬಹುದು.

ಹುಡುಗಿಯ ಹದಿನೆಂಟು ಪುಟಗಳೂ ಹೊರಬಂದಾಗ ಗಂಟೆ ಹತ್ತು ದಾಟಿತ್ತು. ಮಾರನೆಯ ದಿನ ಎಲೆಕ್ಟ್ರಿಷಿಯನ್ ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಚ್ಚಿ ನೋಡಿದ. ವಯರು ಪ್ಲಗ್ಗನ್ನು ಸೇರುವ ಕಡೆ, ಹೊರಗಿನ ಹೊದಿಕೆ ನೆಟ್ಟಗಿದ್ದರೂ ಒಳಗೆ ಕಪ್ಪು ತಂತಿಯ ಎಳೆಗಳೆಲ್ಲ ತುಂಡಾಗಿದ್ದವು. ಪ್ಲಗ್ಗನ್ನು ಹಿಡಿಯದೆ ವಯರನ್ನೇ ಹಿಡಿದು ಎಳೆದೆಳೆದು ಹೀಗಾಗಿದೆ ಎಂದು ಅವನು ತೋರಿಸಿದ. ಹಾಗೆ ಎಳೆಯುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಆ ಮನೆಯಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.